ಕಕ್ಷೆಯಲ್ಲಿ ಕೈಗೆಲಸ: ಮೆಂತ್ಯ, ಮೆಣಸಿನಕಾಯಿ ಮತ್ತು ಗಗನಯಾತ್ರಿಗಳು

2025ರ ಜೂನ್ ಕೊನೆಯ ವಾರದಲ್ಲಿ ಟೀವಿ ಹಚ್ಚಿದರೆ ಹಲ್ವಾದ ಮಾತೇ ಮಾತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಾಲಿಟ್ಟ ಮೊದಲ ಭಾರತೀಯ ಶುಭಾಂಶು ಶುಕ್ಲಾ ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ಸೀಕರಣಿ ಒಯ್ದಿದ್ದರು. ಪ್ರಧಾನಿಯವರ ಜತೆಗಿನ ವಿಡಿಯೊ ಮಾತುಕತೆಯಲ್ಲೂ ಅದರ ಪ್ರಸ್ತಾಪ ಬಂತು. ಹೆಸರುಬೇಳೆಯ ಹಲ್ವಾ ಮುಖಪುಟಕ್ಕೆ ಏರಿತು. ಅದೇ ನಿಲ್ದಾಣದಲ್ಲಿ ತಟ್ಟೆಯೊಳಗೆ ಮೊಳಕೆ ಒಡೆಯುತ್ತಿದ್ದ ಹೆಸರುಕಾಳು ಒಳಪುಟದ ಮೂಲೆಗೆ ಸರಿಯಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನಕ್ಕೆ ಆಸಕ್ತಿಯಾಗಬೇಕಾದದ್ದು ಆ ಮೂಲೆಯ ಸುದ್ದಿ.

ಹೆಸರುಕಾಳಿನ ಜೊತೆಗೆ ಮೆಂತ್ಯವೂ ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿ ಕೂಡಿ ರೂಪಿಸಿದ ಪ್ರಯೋಗ ಅದು. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ, ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅದರ ಹೊಣೆ ಹೊತ್ತವರು. ಹಾವೇರಿ ಜಿಲ್ಲೆಯ ಮಟ್ಟಿಗೆ ಇದು ಪರಊರಿನ ಮಾತಲ್ಲ. 1997ರವರೆಗೆ ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ಕಾಲೇಜು ನಡೆಯುವುದು ಅದೇ ವಿಶ್ವವಿದ್ಯಾಲಯದ ಅಡಿಯಲ್ಲಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 27,000 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಸುತ್ತುವ ನಿಲ್ದಾಣಕ್ಕೆ ನಮ್ಮ ಕಡೆಯ ವಿಶ್ವವಿದ್ಯಾಲಯದ ಮೆಂತ್ಯ ಹೋಗಿ ಬಂದಿದೆ ಎಂದರೆ, ಅದರ ಹಿಂದೆ ಹೋಗಿ ನೋಡುವುದು ನ್ಯಾಯ.

ಕಾಳು ಮೊಳಕೆ ಬರಿಸುವ ವಿದ್ಯೆಯನ್ನು ಇಲ್ಲಿನ ತಾಯಂದಿರಿಗೆ ಯಾರೂ ಕಲಿಸಬೇಕಿಲ್ಲ. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಅರಿವೆಯಲ್ಲಿ ಬಿಗಿದು ಕಟ್ಟಿ, ಬೆಚ್ಚಗಿನ ಮೂಲೆಯಲ್ಲಿಟ್ಟರೆ ಮರುದಿನ ಬಿಳಿ ಬಾಲ ಹಣಿಕಿ ಹಾಕುತ್ತದೆ. ಇದರಲ್ಲಿ ಎಲ್ಲರೂ ಮರೆಯುವ ಮಾತು 'ಬಸಿಯುವುದು'. ನೀರು ತನ್ನಷ್ಟಕ್ಕೆ ಕೆಳಗಿಳಿಯುತ್ತದೆ, ಕಾಳಿನ ಸುತ್ತ ಗಾಳಿ ಆಡುತ್ತದೆ. ಕಕ್ಷೆಯಲ್ಲಿ ನೀರು ಇಳಿಯುವುದಿಲ್ಲ, ಇಳಿಯಲು ಅಲ್ಲಿ 'ಕೆಳಗೆ' ಎಂಬುದೇ ಇಲ್ಲ. ಅದು ಕಾಳಿಗೆ ಅಂಟಿಕೊಂಡು ಗುಳ್ಳೆಯಂತೆ ಮುಚ್ಚಿಬಿಡುತ್ತದೆ. ಹೆಚ್ಚಾದರೆ ಕಾಳು ಉಸಿರುಗಟ್ಟಿ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಬಿಸಿಗಾಳಿಯೂ ಮೇಲೇರುವುದಿಲ್ಲ, ಫ್ಯಾನು ತಿರುಗದಿದ್ದರೆ ಮಲಗಿದವರ ಮುಖದ ಸುತ್ತಲೇ ಅವರು ಬಿಟ್ಟ ಉಸಿರು ಗುಂಪುಗೂಡುತ್ತದೆ. ಒಂದು ಹಿಡಿ ಕಾಳನ್ನು ಮೊಳಕೆ ಬರಿಸುವುದು ಅಲ್ಲಿ ಎಂಜಿನಿಯರಿಂಗ್ ಕೆಲಸವಾಗಿಬಿಡುವುದು ಹೀಗೆ. ಕೃಷಿಯವರ ಪ್ರಯೋಗದಲ್ಲಿ ಐಐಟಿಯವರಿಗೇನು ಕೆಲಸ ಎಂದು ಕೇಳುವವರಿಗೆ ಇಷ್ಟೇ ಉತ್ತರ ಸಾಕು.

ಇನ್ನೊಂದು ತೊಡಕು ಬೇರಿನದು. ಬೀಜವನ್ನು ತಲೆಕೆಳಗಾಗಿ ಬಿತ್ತಿದರೂ ಬೇರು ಭೂಮಿಯ ಕಡೆಗೇ ಹೋಗುತ್ತದೆ, ರೈತ ಅದರ ಚಿಂತೆ ಮಾಡುವುದಿಲ್ಲ. ಬೇರಿನ ತುದಿಯ ಟೊಪ್ಪಿಗೆಯಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ಅವು ಜಾರಿ ಯಾವ ಕಡೆ ಕೂಡುತ್ತವೋ ಅದೇ ಕೆಳಗೆ ಎಂದು ಗಿಡಕ್ಕೆ ತಿಳಿಯುತ್ತದೆ. 1806ರಲ್ಲಿ ಥಾಮಸ್ ಆಂಡ್ರ್ಯೂ ನೈಟ್ ಎಂಬ ಇಂಗ್ಲಿಷ್ ತೋಟಗಾರ ನೀರಿನಿಂದ ತಿರುಗುವ ಚಕ್ರಕ್ಕೆ ಅವರೆಯ ಜಾತಿಯ ಕಾಳುಗಳನ್ನು ಕಟ್ಟಿ ಬೆಳೆಸಿದ. ಚಕ್ರದ ಸೆಳೆತಕ್ಕೆ ಬೇರುಗಳೆಲ್ಲ ಹೊರಮುಖವಾಗಿ, ಕುಡಿಗಳೆಲ್ಲ ನಡುವಿನ ಗುಂಬದ ಕಡೆಗೆ ಬೆಳೆದವು. ಸೆಳೆತವನ್ನು ಬದಲಿಸಿದರೆ ಗಿಡದ ದಿಕ್ಕೂ ಬದಲಾಗುತ್ತದೆ ಎಂದು ನೈಟ್ ತೋರಿಸಿದ. ಸೆಳೆತವೇ ಇಲ್ಲವಾದರೆ ಏನಾದೀತು ಎಂದು ನೋಡಲು ಮಾತ್ರ ಮನುಷ್ಯ ಕಕ್ಷೆಗೆ ಹೋಗುವವರೆಗೆ ಕಾಯಬೇಕಾಯಿತು.

ಶುಕ್ಲಾ ಅವರ ಪಾಲಿಗೆ ಬಂದ ಕೆಲಸ ಕೇಳಲು ಸರಳ. ಒಣ ಬೀಜಕ್ಕೆ ನೀರು ಉಣಿಸುವುದು, ಮೊಳಕೆಯ ಫೋಟೊ ತೆಗೆಯುವುದು, ಹೊತ್ತು ತಪ್ಪದೆ ತಟ್ಟೆಗಳನ್ನು ಅತಿಶೀತದ ಫ್ರೀಜರಿನಲ್ಲಿ ಇಡುವುದು. ಫ್ರೀಜರಿಗೆ ಹಾಕುವುದೆಂದರೆ ಮೊಳಕೆಯ ಒಳಗಿನ ಬದುಕನ್ನು ಆ ಗಳಿಗೆಯಲ್ಲೇ ನಿಲ್ಲಿಸಿದಂತೆ. ಯಾವ ಜೀನ್ ಎಚ್ಚರವಾಗಿತ್ತು, ಯಾವುದು ಮಲಗಿತ್ತು ಎಂಬುದನ್ನು ಕೆಳಗೆ ತಂದು ಓದಬಹುದು. ಹೊತ್ತು ಮೀರಿದರೆ ಓದಲು ಸಿಗುವುದು ಬೇರೆಯದೇ ಕಥೆ. 18 ದಿನ ನಿಲ್ದಾಣದಲ್ಲಿದ್ದು ಜುಲೈ 15ರಂದು ಪೆಸಿಫಿಕ್ ಸಾಗರಕ್ಕೆ ಇಳಿದ ಶುಕ್ಲಾ ಮಾಡಿದ ಇಸ್ರೋ ಪ್ರಯೋಗಗಳು 7. ಅವುಗಳಲ್ಲಿ ಬೆಂಗಳೂರಿನ ಪಾಲು ದೊಡ್ಡದು: ಸ್ನಾಯುಕೋಶಗಳದ್ದು ಇನ್‌ಸ್ಟೆಮ್ ಸಂಸ್ಥೆಯದು, ನೀರುಕರಡಿ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಯದ್ದು ಭಾರತೀಯ ವಿಜ್ಞಾನ ಸಂಸ್ಥೆಯದು. ಶುಕ್ಲಾ ಎಂ.ಟೆಕ್ ಓದಿದ್ದೂ ಆ ವಿಜ್ಞಾನ ಸಂಸ್ಥೆಯಲ್ಲೇ.

ಗಗನಯಾತ್ರಿ ಎಂದೊಡನೆ ಎದೆಯುಬ್ಬಿಸಿ ನಿಂತ ವೀರನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಿಲ್ದಾಣದ ದಿನಚರಿ ಓದಿದರೆ ಆ ಚಿತ್ರ ಉಳಿಯುವುದಿಲ್ಲ. ಅಲ್ಲಿ ಪ್ರಯೋಗ ಒಬ್ಬರದು, ಕೈ ಇನ್ನೊಬ್ಬರದು. ಹೊಲ ಯಾರದೋ, ಬಿತ್ತುವವರು ಯಾರೋ ಎಂಬಂಥ ಏರ್ಪಾಡು. ಧಾರವಾಡದಲ್ಲಿ ಕುಳಿತವರು ವರ್ಷಗಟ್ಟಲೆ ಯೋಚಿಸಿದ್ದನ್ನು ಕಕ್ಷೆಯಲ್ಲಿ ಯಾರೋ ಕೆಲವು ನಿಮಿಷಗಳಲ್ಲಿ ಕೈಯಾರೆ ಮಾಡಿ ಮುಗಿಸಬೇಕು. ಕಂಪ್ಯೂಟರ್ ಪರದೆಯ ಮೇಲೆ ದಿನದ ಕೆಲಸದ ಪಟ್ಟಿ ಇರುತ್ತದೆ, ಈಗ ಎಷ್ಟು ಹೊತ್ತು ಎಂದು ತೋರಿಸುವ ಕೆಂಪು ಗೆರೆ ಅದರ ಮೇಲೆ ಸರಿಯುತ್ತಾ ಹೋಗುತ್ತದೆ. ಕಾಲ್ಬೆರಳನ್ನು ಕಂಬಿಗೆ ಸಿಕ್ಕಿಸಿಕೊಳ್ಳದೆ ಸ್ಕ್ರೂ ತಿರುಗಿಸಿದರೆ ಸ್ಕ್ರೂ ಬದಲು ಮನುಷ್ಯನೇ ತಿರುಗುತ್ತಾನೆ. ಕೈಬಿಟ್ಟ ಚಿಮಟ ಬೀಳುವುದಿಲ್ಲ, ತೇಲಿ ಕಾಣೆಯಾಗುತ್ತದೆ. ಕಳೆದದ್ದನ್ನು ಹುಡುಕಲು ಮೊದಲು ಹೋಗುವ ಜಾಗ ಗಾಳಿ ಒಳಹೋಗುವ ಜಾಲರಿ. ಹಳ್ಳದ ಕಸವೆಲ್ಲ ಕೊನೆಗೆ ಬಂದು ನಿಲ್ಲುವ ತೂಬಿನ ಬಾಯಿಯಂತೆ ಎಲ್ಲವೂ ಅಲ್ಲಿಗೆ ಬಂದು ಅಂಟುತ್ತವೆ.

ಬ್ಯಾಡಗಿಯಲ್ಲಿ ನಿಂತು ಮೆಣಸಿನಕಾಯಿಯ ಮಾತಾಡದೆ ಹೋದರೆ ಊರು ಒಪ್ಪದು.

2021ರ ಜುಲೈ 12ರಂದು ನಿಲ್ದಾಣದಲ್ಲಿ ಗಗನಯಾತ್ರಿ ಶೇನ್ ಕಿಂಬ್ರೊ ಮೆಣಸಿನ ಬಿತ್ತನೆಗೆ ಚಾಲನೆ ಕೊಟ್ಟರು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ತಳಿ ಅದು. ಆ ರಾಜ್ಯದಲ್ಲಿ ಹ್ಯಾಚ್ ಎಂಬ ಸಣ್ಣ ಊರಿದೆ, ಮೆಣಸಿನಕಾಯಿಗೆ ಬ್ಯಾಡಗಿ ಹೇಗೋ ಅಲ್ಲಿಗೆ ಹ್ಯಾಚ್ ಹಾಗೆ. ಹೋಟೆಲಿನಲ್ಲಿ ಕೂತವರನ್ನು 'ಕೆಂಪೋ, ಹಸಿರೋ?' ಎಂದು ಕೇಳುವುದೇ ಆ ರಾಜ್ಯದ ಅಧಿಕೃತ ಪ್ರಶ್ನೆ. ಬ್ಯಾಡಗಿಯವರ ಉತ್ತರ ಕೆಂಪು ಎಂಬುದರಲ್ಲಿ ಅನುಮಾನವಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಯ ಹೆಸರಿರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಎರಡೂ ಒಂದೇ ಪ್ರಭೇದದ ಗಿಡಗಳು. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾಯಿ ನಮ್ಮ ಎರೆಭೂಮಿಯಲ್ಲಿ ಸುಕ್ಕುಗಟ್ಟಿ ಕಡ್ಡಿಯಾಯಿತು, ಡಬ್ಬಿಯಾಯಿತು. ಅಲ್ಲೇ ಉಳಿದ ನೆಂಟ ಬಾಹ್ಯಾಕಾಶಕ್ಕೆ ಹೋದ.

ಮೆಣಸು ಬೇಗ ಬರುವ ಬೆಳೆಯಲ್ಲ, ಅಲ್ಲಿಯೂ ಬರಲಿಲ್ಲ. ಸೊಪ್ಪಾದರೆ ತಿಂಗಳಲ್ಲಿ ಕೊಯ್ಯಬಹುದು. ಮೆಣಸು ಹೂ ಬಿಡಬೇಕು, ಹೂ ಕಾಯಿ ಕಟ್ಟಬೇಕು. ನಿಲ್ದಾಣದಲ್ಲಿ ಗಾಳಿ ಬೀಸುವುದಿಲ್ಲ, ದುಂಬಿಯಂತೂ ಇಲ್ಲ. ಹಾಗಾಗಿ ಬೆಳೆಪೆಟ್ಟಿಗೆಯ ಫ್ಯಾನುಗಳನ್ನೇ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ತಿರುಗಿಸಿ ಹೂ ಅಲುಗಿಸಿದರು. ಕೆಲವು ಹೂಗಳಿಗೆ ಗಗನಯಾತ್ರಿಗಳೇ ಕೈಯಾರೆ ಪರಾಗ ಮುಟ್ಟಿಸಿದರು.

ರಾಣೆಬೆನ್ನೂರು ಸೀಮೆಯ ಕೇಳುಗರಿಗೆ ಇಲ್ಲಿ ನಗು ಬಂದರೆ ತಪ್ಪಿಲ್ಲ. ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ಈ ಸೀಮೆಯಲ್ಲಿ ನೂರಾರು ಹೆಣ್ಣುಮಕ್ಕಳು ದಿನಾ ಮಾಡುವ ಕೆಲಸ ಅದು. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮಟದ ತುದಿಯಿಂದ ಎಸಳು ಬಿಡಿಸಿ, ಕೇಸರದ ಕೋಶಗಳನ್ನು ಒಂದೂ ಉಳಿಯದಂತೆ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಬೆರಳಿನಿಂದಲೋ ಸಣ್ಣ ಕಡ್ಡಿಯಿಂದಲೋ ಶಲಾಕೆಯ ತುದಿಗೆ ಮುಟ್ಟಿಸಬೇಕು. ಹೊಲದವರ ಬಾಯಲ್ಲಿ ಅದು 'ಕ್ರಾಸಿಂಗ್'. ಒತ್ತಿದರೆ ಹೂ ಮುರಿಯುತ್ತದೆ, ಹಗುರಾದರೆ ಪರಾಗ ಹತ್ತುವುದಿಲ್ಲ. ಆ ಬೆರಳಿನ ಅಂದಾಜಿಗೆ ಪುಸ್ತಕವಿಲ್ಲ. ಕಕ್ಷೆಯಲ್ಲಿ ಈ ಕೆಲಸಕ್ಕೆ ಇಳಿದ ವಿಮಾನ ಪೈಲಟ್‌ಗಳು ಮತ್ತು ವಿಜ್ಞಾನಿಗಳು ರಾಣೆಬೆನ್ನೂರಿನ ಹೊಲದಲ್ಲಿ ಒಂದು ವಾರ ಕೂಲಿಗೆ ನಿಂತಿದ್ದರೆ ಕೈ ಇನ್ನಷ್ಟು ಪಳಗುತ್ತಿತ್ತು ಎಂದರೆ ತಮಾಷೆಯ ಮಾತಲ್ಲ.

ಅಕ್ಟೋಬರ್ 29ರಂದು ಮೊದಲ ಬಿಡಿಸುವಿಕೆ ನಡೆಯಿತು. ಮೇಗನ್ ಮೆಕಾರ್ಥರ್ ಅದನ್ನು ಮಾಂಸ, ನೀರು ಬೆರೆಸಿ ಹದ ಮಾಡಿದ ಟೊಮೆಟೊ ಎಲ್ಲ ಸೇರಿಸಿ ರೊಟ್ಟಿಯಲ್ಲಿ ಸುತ್ತಿ ತಿಂದರು. ನವೆಂಬರ್ 26ರಂದು ಕೊನೆಯ ಬಿಡಿಸುವಿಕೆ. ಒಟ್ಟು 137 ದಿನ, 4 ಗಿಡ, 26 ಕಾಯಿ. ಗುರುವಾರ, ಸೋಮವಾರ ಬ್ಯಾಡಗಿ ಮಾರುಕಟ್ಟೆಗೆ ಬರುವ ಚೀಲಗಳನ್ನು ಕಂಡವರಿಗೆ 26 ಕಾಯಿ ಅಂದರೆ ನೆಲಕ್ಕೆ ಉದುರಿದ ಲೆಕ್ಕ. ಆದರೂ ಅಷ್ಟು ದಿನ ಬೆಳೆಸಿದ ಗಿಡ ನಿಲ್ದಾಣದಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಖಾರವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಭಾರವಿಲ್ಲದಲ್ಲಿ ಮೈಯ ದ್ರವ ತಲೆಗೇರುತ್ತದೆ, ನೆಗಡಿ ಹಿಡಿದವರಂತೆ ಮೂಗು ಕಟ್ಟುತ್ತದೆ, ಊಟ ಸಪ್ಪೆ ಎನಿಸುತ್ತದೆ. ನಿಲ್ದಾಣದಲ್ಲಿ ಖಾರದ ಸಾಸಿಗೆ ಬೇಡಿಕೆ ಜೋರು. ನಮ್ಮಲ್ಲಿ ಜ್ವರ ಬಿಟ್ಟವರು ಕೆಂಪು ಚಟ್ನಿ ಕೇಳುವುದಿಲ್ಲವೇ!

ಎಲ್ಲ ಬೆಳೆಯೂ ಹೇಳಿದಂತೆ ಕೇಳಲಿಲ್ಲ. 2015ರ ಆಗಸ್ಟ್ 10ರಂದು ಕೆಂಪು ಲೆಟ್ಯೂಸ್ ಸೊಪ್ಪನ್ನು ಕೊಯ್ದು ತಿಂದ ಸಂತೋಷದಲ್ಲಿ ಅದೇ ವರ್ಷಾಂತ್ಯಕ್ಕೆ ಜಿನ್ನಿಯಾ ಹೂವಿನ ಗಿಡ ಹಚ್ಚಿದರು. ಡಿಸೆಂಬರ್ ಹೊತ್ತಿಗೆ ಎಲೆಯಂಚಿನಲ್ಲಿ ನೀರು ಜಿನುಗಿತು, ಬೂಸ್ಟು ಹಿಡಿಯಿತು. ಇಷ್ಟು ದಿನಕ್ಕೊಮ್ಮೆ ಇಷ್ಟು ನೀರು ಎಂದು ಭೂಮಿಯಿಂದ ಬಂದ ವೇಳಾಪಟ್ಟಿಯನ್ನೇ ಹಿಡಿದು ನಡೆದಿತ್ತು ಕೆಲಸ. ನಿಲ್ದಾಣದಲ್ಲಿದ್ದ ಸ್ಕಾಟ್ ಕೆಲ್ಲಿ ಕೇಳಿದ್ದು ರೈತ ಕೇಳುವ ಮಾತು: ಗಿಡ ನನ್ನ ಕಣ್ಣೆದುರಿಗಿದೆ, ನೀರು ಯಾವಾಗ ಎಂಬುದನ್ನು ನಾನೇ ನೋಡಿ ತೀರ್ಮಾನಿಸುತ್ತೇನೆ. ಒಪ್ಪಿಗೆ ಸಿಕ್ಕಿತು. ದಪ್ಪ ಕೈಪಿಡಿಯ ಬದಲು ಒಂದೇ ಹಾಳೆಯ ಸೂಚನೆ ಕೊಟ್ಟು ತೋಟವನ್ನು ಅವರಿಗೇ ಬಿಟ್ಟರು. 2016ರ ಜನವರಿ ನಡುವಿಗೆ ಕಿತ್ತಳೆ ಬಣ್ಣದ ಹೂ ಅರಳಿತು. ಮಣ್ಣಲ್ಲಿ ಬೆರಳಿಟ್ಟು ಹಸಿ ನೋಡಿ ನೀರು ಬಿಡುವ ಪದ್ಧತಿಗೆ ನಾಸಾ ಹಾಕಿದ ಮುದ್ರೆ ಎಂದೇ ಇದನ್ನು ಓದಬೇಕು.

ಕಾಳಿನ ಪರೀಕ್ಷೆಗೆ ಈ ಜಿಲ್ಲೆಯಲ್ಲಿ ಹಳೆಯ ನೆನಪೊಂದಿದೆ. ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನ ಊರು. ಅಲ್ಲಿನ ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳವಾದಾಗ ರಾಮ ತೀರ್ಪನ್ನು ಬಾಯಿಮಾತಿನಲ್ಲಿ ಕೊಡಲಿಲ್ಲ. ಎರಡನ್ನೂ 6 ತಿಂಗಳು ಸೆರೆಯಲ್ಲಿಟ್ಟು ನೋಡಿದ. ಒಂದೇ ಜಾಗ, ಒಂದೇ ಅವಧಿ, ಕೊನೆಗೆ ಯಾವುದು ಕೆಡದೆ ಉಳಿಯಿತು ಎಂಬುದೇ ಪ್ರಮಾಣ. ಪ್ರಯೋಗಾಲಯದವರು ಇದಕ್ಕೆ ಬೇರೆ ಹೆಸರು ಕೊಟ್ಟಿರಬಹುದು, ರೀತಿ ಅದೇ. ಕಕ್ಷೆಗೆ ಕಳಿಸಿದ ಬೀಜಕ್ಕೆ ಭೂಮಿಯಲ್ಲಿ ಜೋಡಿ ಬೀಜ ಇಟ್ಟು ತಾಳೆ ನೋಡದಿದ್ದರೆ ಮೇಲಿನ ಫಲಿತಾಂಶಕ್ಕೆ ಬೆಲೆಯಿಲ್ಲ.

ಇಷ್ಟೂ ನಿಲ್ದಾಣದ ಒಳಗಿನ ಮಾತು. ಹೊರಗಿನದು ಬೇರೆಯದೇ ದುಡಿಮೆ.

ಬಾಹ್ಯಾಕಾಶ ನಡಿಗೆ ಎಂಬ ಹೆಸರೇ ಮೋಸದ್ದು, ಅಲ್ಲಿ ಯಾರೂ ನಡೆಯುವುದಿಲ್ಲ. ಕೈಯಿಂದ ಕಂಬಿ ಹಿಡಿದು ಹಿಡಿದು ಸಾಗುತ್ತಾರೆ. ಭೂಮಿಯ ಮೇಲೆ ಒಂದು ಕ್ವಿಂಟಲಿಗೂ ಮಿಕ್ಕಿ ತೂಗುವ ಉಡುಪಿನೊಳಗೆ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಪಾಲು ಒತ್ತಡ, ಅದೂ ಶುದ್ಧ ಆಮ್ಲಜನಕದ್ದು. ಆ ಒತ್ತಡಕ್ಕೆ ಒಗ್ಗಿಸಲು ರಕ್ತದಲ್ಲಿನ ಸಾರಜನಕವನ್ನು ಮೊದಲೇ ಗಂಟೆಗಟ್ಟಲೆ ಉಸಿರಾಡಿ ಹೊರಹಾಕಬೇಕು. ಕೈಗವಸು ಗಾಳಿ ತುಂಬಿದ ಟ್ಯೂಬಿನಂತೆ ಬಿರುಸು. ಪ್ರತಿ ಹಿಡಿತವೂ ಚೆಂಡು ಹಿಸುಕಿದಂತೆ. 6-7 ಗಂಟೆ ಹೀಗೆ ದುಡಿದು ಉಗುರು ಕಳೆದುಕೊಂಡವರಿದ್ದಾರೆ. ಭಾರವಿಲ್ಲದ್ದರಿಂದ ಕೆಲಸ ಹಗುರ ಎಂಬುದೂ ತಪ್ಪು ಕಲ್ಪನೆ. ಮೆಣಸಿನ ಚೀಲವನ್ನು ಹಮಾಲ ಬೆನ್ನಿಗೆ ಏರಿಸುವಾಗ ಕಾಡುವ ಭಾರ ಅಲ್ಲಿಲ್ಲ, ನಿಜ. ಆದರೆ ಒಮ್ಮೆ ತಳ್ಳಿದ ಚೀಲ ಅಲ್ಲಿ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಲು ತಳ್ಳಿದಷ್ಟೇ ಬಲ ಹಾಕಬೇಕು, ಹಾಕುವಾಗ ತನ್ನ ಕಾಲೂರಲು ನೆಲವಿರುವುದಿಲ್ಲ.

2012ರ ಆಗಸ್ಟ್ 30ರಂದು ಸುನಿತಾ ವಿಲಿಯಮ್ಸ್ ಮತ್ತು ಜಪಾನಿನ ಅಕಿಹಿಕೊ ಹೊಶಿದೆ ವಿದ್ಯುತ್ ಹಂಚುವ ಪೆಟ್ಟಿಗೆಯೊಂದನ್ನು ಬದಲಿಸಲು ಹೊರಬಿದ್ದರು. ಹೊಸ ಪೆಟ್ಟಿಗೆಯ ಬೋಲ್ಟ್ ಕೂಡಲೊಲ್ಲದು. 8 ಗಂಟೆ 17 ನಿಮಿಷ ಹೆಣಗಿದರೂ ಆಗಲಿಲ್ಲ. ಪೆಟ್ಟಿಗೆಯನ್ನು ಕಟ್ಟಿಟ್ಟು ಒಳಗೆ ಬಂದರು. ಬೋಲ್ಟಿನ ಗೂಡಿನಲ್ಲಿ ಲೋಹದ ಚೂರುಗಳು ಸೇರಿದ್ದವು. ಅಂಗಡಿಗೆ ಹೋಗಿ ಬ್ರಷ್ ತರುವಂತಿಲ್ಲ. ನಿಲ್ದಾಣದಲ್ಲಿದ್ದ ಹಲ್ಲುಜ್ಜುವ ಬ್ರಷ್ಷನ್ನು ಒಂದು ಸಲಕರಣೆಯ ತುದಿಗೆ ಕಟ್ಟಿದರು, ಹಳೆಯ ತಂತಿಯಿಂದ ಇನ್ನೊಂದು ಬ್ರಷ್ ಮಾಡಿಕೊಂಡರು. ಸೆಪ್ಟೆಂಬರ್ 5ರಂದು ಮತ್ತೆ ಹೋಗಿ ಗೂಡನ್ನು ಉಜ್ಜಿ, ಗ್ರೀಸ್ ಹಚ್ಚಿ ಬೋಲ್ಟ್ ಕೂಡಿಸಿದರು. ಹೊಲದಲ್ಲಿ ಪಂಪ್‌ಸೆಟ್ ಕೈಕೊಟ್ಟಾಗ ಸೈಕಲ್ ಟ್ಯೂಬಿನ ತುಂಡು, ಬೈಂಡಿಂಗ್ ತಂತಿಯಿಂದ ನೀರು ಹತ್ತಿಸುವವರಿಗೆ ಈ ಕಥೆಯ ಸ್ವಾರಸ್ಯ ಬಿಡಿಸಿ ಹೇಳಬೇಕಿಲ್ಲ.

ಸಲಕರಣೆಗಳನ್ನು ಹಗ್ಗದಿಂದ ಮೈಗೆ ಕಟ್ಟಿಕೊಂಡೇ ಹೋಗುತ್ತಾರೆ. 2008ರ ನವೆಂಬರಿನಲ್ಲಿ ಹೈಡೆಮೇರಿ ಸ್ಟೆಫಾನಿಶಿನ್-ಪೈಪರ್ ಚೀಲದೊಳಗೆ ಸೋರಿದ ಗ್ರೀಸನ್ನು ಒರೆಸುತ್ತಿದ್ದಾಗ ಕಟ್ಟಿರದ ಚೀಲವೊಂದು ತೇಲಿಹೋಯಿತು. ಅದು ಭೂಮಿಯ ಸುತ್ತ ತಿಂಗಳುಗಟ್ಟಲೆ ಸುತ್ತಿ, ಮರುವರ್ಷ ಆಗಸ್ಟಿನಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಅದಕ್ಕಿಂತ ಭಯದ್ದು 2013ರ ಜುಲೈ 16ರ ಘಟನೆ. ಇಟಲಿಯ ಲೂಕಾ ಪಾರ್ಮಿತಾನೊ ಅವರ ಶಿರಸ್ತ್ರಾಣದೊಳಗೆ ಉಡುಪಿನ ತಂಪಿನ ವ್ಯವಸ್ಥೆಯಿಂದ ನೀರು ಸೋರತೊಡಗಿತು. ಭೂಮಿಯಲ್ಲಾದರೆ ಅದು ಕುತ್ತಿಗೆಗೆ ಇಳಿದು ಹೋಗುತ್ತಿತ್ತು. ಅಲ್ಲಿ ಮೆಂತ್ಯದ ಕಾಳಿಗೆ ಅಂಟಿದ ಹಾಗೆಯೇ ಮುಖಕ್ಕೆ ಅಂಟಿತು. ಕಣ್ಣು ಮುಚ್ಚಿ ಮೂಗಿಗೆ ಬಂತು. ಕಾಣದ ಕಣ್ಣಿನಲ್ಲಿ ತನ್ನ ಹಗ್ಗದ ಸೆಳೆತವನ್ನೇ ಹಿಡಿದು ಅವರು ಬಾಗಿಲಿಗೆ ಮರಳಿದರು. ಉಡುಪು ಬಿಚ್ಚಿದಾಗ ಸಿಕ್ಕ ನೀರು ಸುಮಾರು ಒಂದೂವರೆ ಲೀಟರ್.

ಒಳಗಿನ ಪ್ರಯೋಗ, ಹೊರಗಿನ ದುರಸ್ತಿ ಎಂಬ ಎರಡು ಹೊಲಗಳ ಬದುವೂ ಈಗ ಕರಗುತ್ತಿದೆ. 2025ರ ಜನವರಿ 30ರಂದು ಸುನಿತಾ, ಬುಚ್ ವಿಲ್ಮೋರ್ ಜತೆ 5 ಗಂಟೆ 26 ನಿಮಿಷ ಹೊರಗಿದ್ದು ಆಂಟೆನಾದ ಭಾಗವೊಂದನ್ನು ಬಿಚ್ಚಿದರು. ಅದೇ ಸರದಿಯಲ್ಲಿ, ನಿಲ್ದಾಣದಿಂದ ಗಾಳಿ ಹೊರಹೋಗುವ ಕಿಂಡಿಗಳ ಬಳಿ ಸೂಕ್ಷ್ಮಜೀವಿಗಳು ಬದುಕಿವೆಯೇ ಎಂದು ತಿಳಿಯಲು ಹೊರಮೈಯನ್ನು ಒರೆಸಿ ಮಾದರಿ ತೆಗೆದರು. 9 ನಡಿಗೆಗಳಲ್ಲಿ 62 ಗಂಟೆ 6 ನಿಮಿಷ ಹೊರಗೆ ದುಡಿದ ಅವರದು ಹೆಣ್ಣುಮಕ್ಕಳಲ್ಲಿ ದಾಖಲೆ.

ಇಷ್ಟರ ನಡುವೆ ಗಗನಯಾತ್ರಿಯ ಮೈಯೂ ಒಂದು ಪ್ರಯೋಗವೇ. ಮೂಳೆ ಸವೆಯದಿರಲೆಂದು ದೀರ್ಘಕಾಲ ಇರುವವರು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ ಮಾಡುತ್ತಾರೆ, ರಕ್ತ ತೆಗೆದು ಫ್ರೀಜರಿಗೆ ಹಾಕುತ್ತಾರೆ. 1984ರ ಏಪ್ರಿಲಿನಲ್ಲಿ ಸಲ್ಯೂತ್-7ಕ್ಕೆ ಹೋದ ರಾಕೇಶ್ ಶರ್ಮಾ ಅಲ್ಲಿ ಯೋಗಾಸನ ಮಾಡಿದ್ದು ಸಹ ಪ್ರಯೋಗವೇ. ಆಗ ಅವರ ಊಟ ಸಿದ್ಧವಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ.

ಮನುಷ್ಯನ ಕೈಯೇ ಬೇಕೆ ಎಂದು ಕೇಳುವವರಿಗೂ ಒಂದು ಉತ್ತರ ಕೊಡಬೇಕು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿಯ ಕೊನೆಯ ಹಂತದಲ್ಲಿ ಇಸ್ರೋ ಒಂದು ಪುಟ್ಟ ಪೆಟ್ಟಿಗೆ ಇಟ್ಟು 8 ಅಲಸಂದೆ ಬೀಜ ಕಳಿಸಿತು. ನೀರು, ಬೆಳಕು, ಬಿಸಿ ಎಲ್ಲ ಯಂತ್ರದ್ದೇ. 4 ದಿನಕ್ಕೆ ಮೊಳಕೆ ಬಂತು, ಆಮೇಲೆ ಎಲೆಯೂ ಬಂತು. ಮೊಳಕೆಯವರೆಗೆ ಯಂತ್ರ ಸಾಕು ಎಂದು ಒಪ್ಪೋಣ. ಜಿನ್ನಿಯಾಕ್ಕೆ ಬೂಸ್ಟು ಹಿಡಿದ ದಿನ, ಬೋಲ್ಟ್ ಕೂಡದ ದಿನ ಏನು ಮಾಡಬೇಕೆಂಬುದಕ್ಕೆ ಆ ಪೆಟ್ಟಿಗೆಯಲ್ಲಿ ಇನ್ನೂ ಉತ್ತರವಿಲ್ಲ.

ಧಾರವಾಡದವರ ಯೋಜನೆಯಲ್ಲಿ ಇಳಿದು ಬಂದ ಮಾದರಿಗಳ ಪರೀಕ್ಷೆಯ ಜೊತೆಗೆ, ಬೀಜವನ್ನು ಹಲವು ತಲೆಮಾರು ಬೆಳೆಸಿ ಅನುವಂಶೀಯ ಗುಣ, ಸೂಕ್ಷ್ಮಜೀವಿ, ಪೋಷಕಾಂಶಗಳಲ್ಲಿ ಏನು ಬದಲಾಯಿತು ಎಂದು ನೋಡುವುದೂ ಸೇರಿದೆ. ಅದರ ಫಲಿತಾಂಶ ಬರುವವರೆಗೆ ಈ ಮೂರು ತಾಲ್ಲೂಕಿನ ಶಾಲೆಯ ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ಪಾರದರ್ಶಕ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಹತ್ತಿ ಹಾಸಿ, 5 ಮೆಂತ್ಯದ ಕಾಳು ಇಟ್ಟು, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದು ಗೋಡೆಗೆ ನಿಲ್ಲಿಸಿ. ಬೇರು ಒಂದು ಬೆರಳಿನಗಲ ಇಳಿದ ಮೇಲೆ ಮುಚ್ಚಳವನ್ನು ಕಾಲುಭಾಗ ತಿರುಗಿಸಿ ಇಡಿ. ಬೇರಿನ ತುದಿ ಮತ್ತೆ ಕೆಳಕ್ಕೆ ಬಾಗಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಹನುಮನಮಟ್ಟಿಯ ಕಾಲೇಜಿನ ಕಡೆ ಹೋದಾಗ ಅಲ್ಲಿನವರಿಗೆ ತೋರಿಸಿ.